ಕಿಟಕಿಗೆ ಏರಿದ ಮರಳು

ಆ ಬೆಳಿಗ್ಗೆ ಕಸದ ಬುಟ್ಟಿ ಹಿಡಿದು ಬಂದು ಟೈಲರಮ್ಮ ಹಿತ್ತಿಲ ಬಾಗಿಲು ತಳ್ಳಿದರೆ, ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಭುಜ ಕೊಟ್ಟು ನೂಕಿದಳು. ಬೆರಳು ತೂರುವಷ್ಟು ಸಂದಿ ಬಿಟ್ಟಿತು. ಆ ಸಂದಿಯಿಂದ ಮರಳು ಸುರ್ರನೆ ಒಳಗೆ ಸುರಿದು ಅವಳ ಪಾದ ಮುಚ್ಚಿತು.

"ಬಂತು ನೋಡಿ, ನಿಮ್ಮ ದಿಬ್ಬ ಮನೆ ಒಳಗೇ ಬಂತು," ಅಂದಳು ಅಡುಗೆಮನೆಯ ಕಡೆ ತಿರುಗಿ.

ಒಲೆಯ ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದ ಅತ್ತೆ ಲೋಟ ಕೆಳಗಿಡಲಿಲ್ಲ. "ಬಾಗಿಲು ಒಳಗಡೆ ತೆರೆಯೋ ಹಾಗೆ ಮಾಡಿಸಿದ್ರೆ ಆಯ್ತು. ಅದಕ್ಯಾಕೆ ಊರು ಮುಳುಗಿದ ಹಾಗೆ ಕೂಗ್ತೀಯ?"

ಆ ಊರೆಂದರೆ ನೀರಿನ ನಡುವೆ ಉದ್ದಕ್ಕೆ ಮಲಗಿದ ಒಂದು ಮರಳಿನ ಪಟ್ಟಿ. ಒಂದು ಮಗ್ಗುಲಲ್ಲಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಹಿನ್ನೀರು. ಮಧ್ಯೆ ಒಂದು ರಸ್ತೆ, ರಸ್ತೆಗೆ ಅಂಟಿಕೊಂಡ ಓಣಿಗಳು, ತುದಿಯಲ್ಲಿ ಪ್ರವಾಸಿಗರ ವಸತಿಗೃಹಗಳು. ಆಚೆ ದಡಕ್ಕೆ ಹೋಗಬೇಕಾದರೆ ಲಾಂಚು ಹಿಡಿಯಬೇಕು. ಹಿಂದೊಮ್ಮೆ ಸಮುದ್ರ ನುಗ್ಗಿ ಮುಂದಿನ ಸಾಲಿನ ಮನೆಗಳನ್ನೆಲ್ಲ ಗುಡಿಸಿಕೊಂಡು ಹೋಗಿತ್ತು. ಉಳಿದ ಸಾಲಿನ ಹಿತ್ತಿಲಲ್ಲಿ ಅತ್ತೆ ಮರಳುಬಳ್ಳಿ ನೆಟ್ಟಿದ್ದು ಆಗ. ಆಡಿನ ಗೊರಸಿನಂಥ ಎಲೆ, ನೇರಳೆ ಹೂವು, ಗೆಣ್ಣು ಗೆಣ್ಣಿಗೂ ಬೇರು ಬಿಡುವ ಬಳ್ಳಿ. ಅದರ ನಡುನಡುವೆ ಕಾಲಿಗೆ ಗೀರುವ ಚೂಪುಹುಲ್ಲು. ಓಣಿಯ ಹೆಂಗಸರು ಆಗ ನಕ್ಕಿದ್ದರಂತೆ. ಬಳ್ಳಿ ಮಾತ್ರ ಗಾಳಿ ತಂದ ಮರಳನ್ನೆಲ್ಲ ಹಿಡಿದಿಟ್ಟುಕೊಂಡು ಮೇಲೆ ಮೇಲೆ ಹತ್ತಿತು. ಮೊಣಕಾಲೆತ್ತರದ ದಿಂಡು ಆಳೆತ್ತರವಾಯಿತು, ಆಮೇಲೆ ಮನೆಯ ಸೂರಿಗೆ ಸಮನಾಯಿತು.

ಸರ್ಕಾರಿ ಕಚೇರಿಯವರು ಬಂದು ನೋಡಿ ಬೆರಗಾದರು. ದಿಬ್ಬ ಅಗೆಯಬಾರದು, ತುಳಿಯಬಾರದು, ಗಿಡ ಕೀಳಬಾರದು ಅಂತ ಬೋರ್ಡು ನೆಟ್ಟರು. ಅತ್ತೆಗೆ ಶಾಲು ಹೊದಿಸಿ, ಒಂದು ಟೋಪಿ, ಒಂದು ಸೀಟಿ ಕೊಟ್ಟು, "ಇದರ ಕಾವಲು ನಿಮ್ಮದೇ ಅಜ್ಜಿ," ಅಂದರು. ಟೋಪಿ ತಲೆಗೆ ದೊಡ್ಡದಾಯಿತು, ಅದನ್ನು ನೀರಿನ ಕೊಡದ ಮೇಲೆ ಮುಚ್ಚಿದಳು. ಸೀಟಿ ಕೊರಳಿಗೆ ಬಿತ್ತು. ಅವತ್ತಿನಿಂದ ಅವಳು ಓಣಿಗೆಲ್ಲ ಸೀಟಿ ಅಜ್ಜಿ. ದಿಬ್ಬದ ಮೇಲೆ ನಾಯಿ ಹತ್ತಿದರೂ ಸೀಟಿ, ಫೋಟೋ ತೆಗೆಸಿಕೊಳ್ಳಲು ಬಂದ ಮದುಮಕ್ಕಳು ಹತ್ತಿದರೂ ಸೀಟಿ.

ಬೇರೆ ಮನೆಯವರಿಗೆ ಕಾಯಿದೆ ಹೊರಗಿತ್ತು. ಟೈಲರಮ್ಮ ಕಾಯಿದೆಗೆ ಮೂರು ಹೊತ್ತು ಬಡಿಸಬೇಕಿತ್ತು.

ಅವಳ ಹೊಲಿಗೆ ಯಂತ್ರ ಇದ್ದದ್ದು ಹಿಂದಿನ ಕೋಣೆಯಲ್ಲಿ, ದಿಬ್ಬದ ಕಡೆಯ ಕಿಟಕಿಯ ಕೆಳಗೆ. ಮದುವೆಯಾಗಿ ಬಂದ ಹೊಸತರಲ್ಲಿ ಆ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಮಗಳು ಹುಟ್ಟುವ ಹೊತ್ತಿಗೆ ಆಕಾಶ ಮಾತ್ರ. ಈಗ ಸರಳುಗಳ ಕೆಳಗಿನ ಅರ್ಧಕ್ಕೆ ಮರಳು ಬಂದು ನಿಂತಿತ್ತು, ಮೇಲಿನ ಅರ್ಧಕ್ಕೆ ಬಳ್ಳಿ ಜೋತುಬಿದ್ದಿತ್ತು. ಹಾಡುಹಗಲೇ ಬಲ್ಬು ಹಚ್ಚಿಕೊಂಡು ಕೂರಬೇಕು. ಬಲ್ಬಿನ ಬೆಳಕಿನಲ್ಲಿ ನೀಲಿ ದಾರ ಯಾವುದು, ಕಪ್ಪು ದಾರ ಯಾವುದು ಗೊತ್ತಾಗದೆ ಹೋದವಾರ ಗಿರಾಕಿಯೊಬ್ಬಳ ರವಿಕೆ ಬಿಚ್ಚಿ ಮತ್ತೆ ಹೊಲಿದುಕೊಟ್ಟಿದ್ದಳು. ಯಂತ್ರದ ಬಾಬಿನ್ ಒಳಗೂ ಮರಳು. ಪೆಡಲು ತುಳಿದರೆ ಹಲ್ಲು ಕಡಿದ ಹಾಗೆ ಸದ್ದು.

ಅವತ್ತು ಊಟಕ್ಕೆ ಕೂತಾಗ ಮಾತು ತೆಗೆದಳು. "ಕಿಟಕಿ ಹತ್ತಿರದ್ದು ಒಂದಿಷ್ಟು ಮರಳು ಈಚೆ ಎಳೆದುಬಿಟ್ರೆ ಯಾರ ಗಂಟು ಹೋಗುತ್ತೆ? ಇಡೀ ದಿಬ್ಬ ಕೇಳ್ತಿಲ್ಲ ನಾನು."

"ಒಂದಿಷ್ಟು ಅಂತಾನೇ ಎಲ್ರೂ ಶುರುಮಾಡೋದು," ಅಂದಳು ಅಜ್ಜಿ. "ಇವತ್ತು ನಿನಗೆ ಕಿಟಕಿ. ನಾಳೆ ಆ ವಸತಿಗೃಹದವನಿಗೆ ಕೂತ್ಕೊಂಡು ಸಮುದ್ರ ನೋಡೋ ಆಸೆ. ನನ್ನ ಸೊಸೆಗೇ ಬಿಟ್ಟೆ ಅಂದ್ರೆ ಬೇರೆಯವರಿಗೆ ಯಾವ ಬಾಯಲ್ಲಿ ಬೇಡ ಅನ್ನಲಿ?"

"ಅನ್ನದಲ್ಲಿ ಮರಳು ಸಿಗ್ತಿದೆ ಅತ್ತೆ."

"ತೊಳೆದು ಬೇಯಿಸು."

"ತೊಳೆದೇ ಬೇಯಿಸಿದ್ದು! ತಟ್ಟೆಗೆ ಹಾಕಿದ ಮೇಲೆ ಬರ್ತಿದೆ."

ಮಗಳನ್ನು ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತಿದ್ದರು. ಆಚೆ ದಡದ ಕಾಲೇಜಿಗೆ ಹೋಗುವ ಹುಡುಗಿ, ಬಾಯಿ ಜೋರು. "ಅಮ್ಮ, ಇನ್ನೊಂದು ವರ್ಷ ತಡಿ. ಮಾಡಿಗೆ ಏಣಿ ಹಾಕಿ ಮೇಲಿಂದಾನೇ ಇಳಿದು ಬರೋಣ. ಅಪ್ಪ ಲಾಂಚು ಬಿಟ್ಟು ಇಲ್ಲೇ ಲಿಫ್ಟ್ ನಡೆಸಲಿ."

ಅವಳಪ್ಪ ಲಾಂಚು ನಡೆಸುವವನು. ದಿನವಿಡೀ ಈ ದಡದಿಂದ ಆ ದಡಕ್ಕೆ, ಆ ದಡದಿಂದ ಈ ದಡಕ್ಕೆ. ಮನೆಯಲ್ಲೂ ಅವನದು ಅದೇ ಕಸುಬು. ಅಮ್ಮನ ಮುಖ ನೋಡುತ್ತಿದ್ದ, ಹೆಂಡತಿಯ ಮುಖ ನೋಡುತ್ತಿದ್ದ, ಯಾವ ದಡಕ್ಕೂ ಹಗ್ಗ ಕಟ್ಟುತ್ತಿರಲಿಲ್ಲ.

"ಏನಾದ್ರೂ ಹೇಳ್ರೀ," ಅಂದಳು ಟೈಲರಮ್ಮ.

"ನೋಡೋಣ," ಅಂದ ಅವನು.

ನೋಡೋಣ ಅಂದದ್ದು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ವಸತಿಗೃಹದ ಮಾಲೀಕ ಎಲ್ಲ ಕೋಣೆಗಳಿಗೂ ಹೊಸ ಪರದೆ ಹೊಲಿಯುವ ಕೆಲಸ ಒಪ್ಪಿಸಿದ. ತಾನುಗಟ್ಟಲೆ ಬಟ್ಟೆ ಬಂದು ಬಿತ್ತು. ಕತ್ತಲ ಕೋಣೆಯಲ್ಲಿ ಅಷ್ಟು ಉದ್ದದ ಅಂಚು ನೆಟ್ಟಗೆ ಹೊಲಿಯುವುದು ಸಾಧ್ಯವೇ ಇರಲಿಲ್ಲ. ಟೈಲರಮ್ಮ ಗುಬ್ಬಿಯ ಕೈ ಸೇರಿಸಿಕೊಂಡು ಯಂತ್ರವನ್ನು ಮುಂದಿನ ಕೋಣೆಗೆ ಎಳೆದಳು. ಅಲ್ಲಿ ಅಜ್ಜಿಯ ಮಂಚ. ಮಂಚ ಗೋಡೆಗೆ ಸರಿಯಿತು, ಯಂತ್ರ ಬಾಗಿಲಿಗೆ ಬಂತು, ಪರದೆ ಬಟ್ಟೆ ಮಂಚದ ಮೇಲೆ, ಮಂಚದ ಕೆಳಗೆ, ಅಜ್ಜಿಯ ಕಾಲ ಮೇಲೆ ಎಲ್ಲ ಕಡೆ ಹರಡಿಕೊಂಡಿತು.

"ಬಾಗಿಲು ಮುಚ್ಚು, ಗಾಳಿ ಹೊಡೀತಿದೆ," ಅನ್ನುತ್ತಿದ್ದಳು ಅಜ್ಜಿ.

"ಮುಚ್ಚಿದ್ರೆ ನನಗೆ ಸೂಜಿ ಕಾಣಲ್ಲ."

"ನನ್ನ ಮೊಣಕಾಲು ಹಿಡ್ಕೊಳ್ಳುತ್ತೆ."

"ನನ್ನ ಕಣ್ಣು ಹೋಗುತ್ತೆ."

ಒಬ್ಬಳು ಮುಚ್ಚುವುದು, ಒಬ್ಬಳು ತೆಗೆಯುವುದು. ಓಣಿಯಲ್ಲಿ ಹೋಗುವವರೆಲ್ಲ ಒಳಗೆ ಒಂದು ಇಣುಕು ಹಾಕಿ, "ಏನಮ್ಮಾ, ಮನೆಗೆ ಪರದೆ ಸಾಲದೆ ಓಣಿಗೂ ಹಾಕ್ತೀಯಾ?" ಅಂತ ಚಟಾಕಿ ಹಾರಿಸಿ ಹೋಗುತ್ತಿದ್ದರು. ಟೈಲರಮ್ಮ ನಗುತ್ತಿದ್ದಳು. ಒಳಗೆ ಮಾತ್ರ ಎದೆಯ ಮೇಲೆ ಯಾರೋ ಕೂತ ಹಾಗೆ ಅನ್ನಿಸುತ್ತಿತ್ತು. ಹಿಂದೆ ಮರಳು, ಮುಂದೆ ಜನ, ಪಕ್ಕದಲ್ಲಿ ಅತ್ತೆಯ ನರಳಾಟ. ಬಟ್ಟೆಯ ರಾಶಿಯ ನಡುವೆ ಕೈ ಚಾಚಲೂ ಜಾಗವಿರಲಿಲ್ಲ.

ಒಂದು ರಜೆಯ ದಿನ ಗಂಡನನ್ನು ಹೊರಡಿಸಿಕೊಂಡು ಆಚೆ ದಡಕ್ಕೆ ಹೋದಳು. ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆ ಬಾಡಿಗೆಗಿವೆ ಅಂತ ಗುಬ್ಬಿ ಸುದ್ದಿ ತಂದಿದ್ದಳು. ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ಗೋಡೆಯಗಲದ ಕಿಟಕಿ. ಕೆಳಗೆ ರಸ್ತೆ, ಬಸ್ಸು, ಶಾಲೆ ಬಿಟ್ಟ ಮಕ್ಕಳು. ನೆಲದ ಮೇಲೆ ಬಿಸಿಲು ಹಾಲು ಚೆಲ್ಲಿದ ಹಾಗೆ ಬಿದ್ದಿತ್ತು. ಟೈಲರಮ್ಮ ಚಪ್ಪಲಿ ಕಳಚಿ ಅದರ ಮೇಲೆ ನಿಂತಳು. ಕಾಲ ಕೆಳಗೆ ಒಂದೇ ಒಂದು ಮರಳಿನ ಕಣ ಇರಲಿಲ್ಲ.

"ಚೆನ್ನಾಗಿದೆ," ಅಂದ ಗಂಡ.

"ಚೆನ್ನಾಗಿದೆ ಅಂದ್ರೆ?"

"ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಅಮ್ಮನ್ನ ಕೇಳಬೇಕಲ್ಲ."

ಕೇಳಿದರು. ಅಜ್ಜಿ ತಟ್ಟೆಯಲ್ಲಿದ್ದ ಮೀನಿನ ಮುಳ್ಳು ಬಿಡಿಸುತ್ತಾ, "ಹೋಗಿ. ಸಂತೋಷವಾಗಿ ಹೋಗಿ. ನಾನು ಬರಲ್ಲ," ಅಂದಳು.

"ಒಬ್ಬಳೇ ಇರ್ತೀಯೇನಮ್ಮ?" ಅಂದ ಮಗ. "ಹೋದ ವರ್ಷ ಬಾವಿಕಟ್ಟೆ ಹತ್ರ ಬಿದ್ದಾಗ ಎತ್ತಿ ತಂದಿದ್ದು ಯಾರು?"

"ಬಿದ್ದೋಳು ಎದ್ದುಕೊಳ್ತೀನಿ. ಏಳದಿದ್ರೆ ಮರಳು ಮುಚ್ಚುತ್ತೆ. ನಿಮಗೆ ಖರ್ಚಿಲ್ಲ."

ಅಲ್ಲಿಗೆ ಆ ಮಾತು ಮುಗಿಯಿತು. ಅವಳನ್ನು ಬಿಟ್ಟು ಹೋಗುವ ಹಾಗಿಲ್ಲ, ಹೊತ್ತುಕೊಂಡು ಹೋಗುವ ಹಾಗಿಲ್ಲ. ಮನೆ ಮಾರೋಣವೆಂದರೆ ಅರ್ಧ ಹೂತ ಮನೆಯನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೆ? ಟೈಲರಮ್ಮ ಎದ್ದು ಪಾತ್ರೆ ತೊಳೆಯಲು ಕೂತಳು. ಅವತ್ತು ತೊಳೆದ ಪಾತ್ರೆಗಳೆಲ್ಲ ಓಣಿಗೇ ಕೇಳಿಸುವಷ್ಟು ಸದ್ದು ಮಾಡಿದವು.

ಮುಂದಿನ ವಾರ ಅಜ್ಜಿಯ ಕಣ್ಣಿನ ಪೊರೆ ತೆಗೆಸುವುದಕ್ಕೆ ಆಚೆ ದಡದ ಆಸ್ಪತ್ರೆಯಲ್ಲಿ ದಿನ ಕೊಟ್ಟಿದ್ದರು. ಗಂಡ ತಾಯಿಯನ್ನು ಲಾಂಚಿಗೆ ಹತ್ತಿಸಿಕೊಂಡು ಹೋದ. ಕಣ್ಣಿನ ಕಟ್ಟು ಬಿಚ್ಚುವ ತನಕ ಅವಳು ಅಲ್ಲೇ ತಂಗಿಯ ಮನೆಯಲ್ಲಿರುವುದು ಅಂತಾಯಿತು. ಹೋಗುವಾಗ ಸೊಸೆಗೆ, "ದಿಬ್ಬದ ಕಡೆ ಒಂದು ಕಣ್ಣಿಟ್ಟಿರು," ಅಂದಳು. "ಎರಡೂ ಇಟ್ಟಿರ್ತೀನಿ," ಅಂದಳು ಸೊಸೆ.

ಮಧ್ಯಾಹ್ನದ ಉರಿಬಿಸಿಲು. ಓಣಿಯ ಜನ ಉಂಡು ಅಡ್ಡಾಗಿದ್ದರು. ಟೈಲರಮ್ಮ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ತಮ್ಮ ಮನೆಗೂ ಪಕ್ಕದ ಬೇಕರಿಯವನ ಮನೆಗೂ ನಡುವಿನ ಸಂದಿಯಿಂದ ದಿಬ್ಬ ಹತ್ತಿದಳು. ಆ ತಿಂಗಳು ಗಾಳಿ ಹಿನ್ನೀರಿನ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ. ಆ ಸಂದಿಯಲ್ಲಂತೂ ಒಗೆದ ಬಟ್ಟೆ ಹಾರಿಸಿಕೊಂಡು ಹೋಗುವಂಥ ಗಾಳಿ. ಬೇರಿನ ಹಿಡಿತ ತಪ್ಪಿಸಿದರೆ ಸಾಕು, ಮಿಕ್ಕ ಕೆಲಸ ಗಾಳಿ ಮಾಡುತ್ತದೆ ಅಂತ ಅವಳ ಲೆಕ್ಕ. ಮನೆಯೊಳಗೆ ದಿನಾ ಗುಡಿಸುವವಳಿಗೆ ಗಾಳಿ ಯಾವಾಗ ಎತ್ತಲಿಂದ ಬರುತ್ತದೆ ಅಂತ ಗೊತ್ತಿರದೆ ಇರುತ್ತದೆಯೇ?

ಹುಲ್ಲು ಕೈ ಗೀರಿತು. ಬಳ್ಳಿಯ ಒಂದೊಂದು ಗೆಣ್ಣನ್ನೂ ಎತ್ತಿ, ಕೆಳಗಿನ ಬೇರನ್ನು ಕತ್ತರಿಸುತ್ತಾ ಹೋದಳು. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿದ ಹಾಗೇ ಇತ್ತು; ಒಂದು ಕಡೆ ಬಿಟ್ಟುಕೊಂಡರೆ ಉದ್ದಕ್ಕೂ ಬಿಟ್ಟುಕೊಳ್ಳುತ್ತಿತ್ತು. ಕಿಟಕಿಯಗಲ ಸಾಕು ಅಂತ ಬಂದವಳು, ಕೈ ಓಡಿತು ಅಂತ ಸಂದಿಯ ಅಗಲಕ್ಕೂ ಕತ್ತರಿಸಿದಳು. ಕತ್ತರಿಸಿದ ಬಳ್ಳಿಯನ್ನು ಅಲ್ಲೇ ಹರವಿ ಇಳಿದು ಬಂದಳು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಅವಳ ಲೆಕ್ಕ ತಪ್ಪಲಿಲ್ಲ. ಬಳ್ಳಿ ಒಣಗಿತು, ಮರಳು ಸಡಿಲವಾಯಿತು, ಗಾಳಿ ಅದನ್ನು ಹೊತ್ತು ಹೊತ್ತು ಸಮುದ್ರದ ಕಡೆಗೆ ಸುರಿಯಿತು. ಕಿಟಕಿಯ ಸರಳುಗಳು ಕೆಳಗಿನ ತನಕ ಕಂಡವು. ಒಂದು ಬೆಳಿಗ್ಗೆ ಹಿಂದಿನ ಕೋಣೆಗೆ ಹೋದರೆ ಬಿಸಿಲು ಬಂದು ನೆಲದ ಮೇಲೆ ಕೂತಿತ್ತು. ಟೈಲರಮ್ಮ ಯಂತ್ರವನ್ನು ವಾಪಸ್ ಎಳೆದುಕೊಂಡು ಬಂದು, ಬಾಬಿನ್ ಬಿಚ್ಚಿ ಒರೆಸಿ, ಎಣ್ಣೆ ಬಿಟ್ಟು, ಪರದೆ ಹೊಲಿದಳು. ತಲೆಯೆತ್ತಿದರೆ ಬೋಳಾದ ಜಾಗದ ನಡುವೆ ಒಂದು ಅಂಗೈಯಗಲ ಸಮುದ್ರ. ಅವಳಿಗೆ ಹಾಡು ಗುನುಗಬೇಕು ಅನ್ನಿಸಿತು, ಗುನುಗಿದಳು.

ಗುಬ್ಬಿ ಅಂಚಿನ ದಾರ ಕತ್ತರಿಸಿ ಕೊಡುತ್ತಿದ್ದಳು. "ಅಮ್ಮ, ಕತ್ತರಿ ಮೊಂಡಾಗಿದೆ."

"ಪರದೆ ಬಟ್ಟೆ ದಪ್ಪ."

"ಹೌದಾ? ಯಾವ ಪರದೆ ಬಟ್ಟೆಗೆ ಬೇರು ಇರುತ್ತೆ?" ಕತ್ತರಿಯ ತಿರುಗಣಿಯಲ್ಲಿ ಸಿಕ್ಕಿಕೊಂಡಿದ್ದ ನಾರನ್ನು ಎಳೆದು ತಾಯಿಯ ಮುಂದೆ ಹಿಡಿದಳು.

ಟೈಲರಮ್ಮ ಪೆಡಲು ನಿಲ್ಲಿಸಿದಳು. "ಅಜ್ಜಿಗೆ ಹೇಳ್ತೀಯಾ?"

"ನಾನ್ಯಾಕೆ ಹೇಳಲಿ. ನೀನೇ ಹೇಳು."

"ಹೇಳ್ತೀನಿ. ಪರದೆ ಕೆಲಸ ಮುಗೀಲಿ."

ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದಳು. ಹೊಸ ಕಣ್ಣು ಮೊದಲು ನೋಡಿದ್ದೇ ದಿಬ್ಬವನ್ನು. ನಿಂತಲ್ಲೇ ನಿಂತಳು. ಆಮೇಲೆ ಸೀಟಿ ಬಾಯಿಗಿಟ್ಟು ಉಸಿರು ಹೋಗುವ ತನಕ ಊದಿದಳು. ಓಣಿಯ ಜನವೆಲ್ಲ ಹೊರಗೆ ಬಂದರು.

"ಯಾರು? ಯಾರು ಮಾಡಿದ್ದು ಇದನ್ನ? ನನ್ನ ಹೊಟ್ಟೆಗೆ ಕೈ ಹಾಕಿದ ಹಾಗಾಯ್ತಲ್ಲೇ!" ಸೊಸೆಯ ಕಡೆ ತಿರುಗಿದಳು. "ನೀನು ಇಲ್ಲೇ ಇದ್ದೆಯಲ್ಲ, ನೋಡಲಿಲ್ವಾ?"

"ಪರದೆ ಹೊಲೀತಾ ಇದ್ದೆ," ಅಂದಳು ಟೈಲರಮ್ಮ. ಆ ಮಾತು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅವತ್ತಿನಿಂದ ಅಜ್ಜಿ ಮುರಿದ ಕುರ್ಚಿಯೊಂದನ್ನು ಸಂದಿಯಲ್ಲಿ ಹಾಕಿಕೊಂಡು ಕೂರತೊಡಗಿದಳು. ಊಟದ ತಟ್ಟೆಯನ್ನೂ ಅಲ್ಲಿಗೇ ಕೊಡಬೇಕು. ಟೈಲರಮ್ಮ ದಿನಾ ತಟ್ಟೆ ಕೊಟ್ಟು, ದಿನಾ ಇವತ್ತು ಹೇಳುತ್ತೇನೆ ಅಂದುಕೊಂಡು, ಖಾಲಿ ತಟ್ಟೆ ತೆಗೆದುಕೊಂಡು ಬರುತ್ತಿದ್ದಳು. ಪರದೆ ಕೆಲಸ ಮುಗಿಯಿತು. ಅವಳು ಹೇಳಲಿಲ್ಲ.

ಅಷ್ಟರಲ್ಲಿ ಗಾಳಿ ದಿಕ್ಕು ತಿರುಗಿಸಿತು. ಇಷ್ಟು ದಿನ ಹೊರಗೆ ಹೊತ್ತುಕೊಂಡು ಹೋದದ್ದೇ ಈಗ ಸಮುದ್ರದ ಕಡೆಯಿಂದ ಒಳಗೆ ತಳ್ಳತೊಡಗಿತು. ಬೋಳಾದ ಜಾಗ ದಿನದಿಂದ ದಿನಕ್ಕೆ ಬಾಯಿ ಅಗಲಿಸಿತು. ಮರಳು ಬೇಕರಿಯವನ ಅಂಗಳಕ್ಕೆ ಬಿತ್ತು, ಅವನ ಒಲೆಯ ಬಾಯಿಗೆ ಬಿತ್ತು. ಅವನ ಹೆಂಡತಿ ಬೇಕರಿ ಅಕ್ಕ ಪೊರಕೆ ಹಿಡಿದು, "ನಮ್ಮ ಬ್ರೆಡ್ಡಿಗೆ ಇನ್ನು ಉಪ್ಪಿನ ಜೊತೆ ಮರಳೂ ಹಾಕ್ತೀವಿ ಅಂತ ಬೋರ್ಡು ಬರೆಸಬೇಕು," ಅಂತ ಗೊಣಗಿದಳು. ಆಗಿನ್ನೂ ಅದು ತಮಾಷೆಯ ಮಾತು.

ಆಮೇಲೆ ಬಿರುಗಾಳಿ ಬಂತು. ದೊಡ್ಡದೇನಲ್ಲ, ಲಾಂಚು ಒಂದೆರಡು ದಿನ ನಿಂತಿತು ಅಷ್ಟೆ. ಅಂಥ ಗಾಳಿಗಳು ಹಿಂದೆ ಎಷ್ಟೋ ಬಂದು ದಿಬ್ಬಕ್ಕೆ ತಲೆ ಚಚ್ಚಿಕೊಂಡು ಹೋಗಿದ್ದವು. ಈ ಸಲ ಅದಕ್ಕೆ ದಾರಿ ಇತ್ತು. ಬೆಳಗಿನ ಉಬ್ಬರದಲ್ಲಿ ನೀರು ಆ ಸಂದಿಯಿಂದ ಕಂದುಬಣ್ಣದ ನಾಲಿಗೆಯ ಹಾಗೆ ಒಳಗೆ ಬಂತು. ಟೈಲರಮ್ಮ ಕಿಟಕಿಯಿಂದಲೇ ನೋಡಿದಳು. ಅವಳ ಗೋಡೆಯನ್ನು ಸವರಿಕೊಂಡು, ಒಳಗೆ ಒಂದು ಹನಿಯನ್ನೂ ಹಾಕದೆ, ನೇರ ಬೇಕರಿಯವನ ಹಿಂಬಾಗಿಲಿಗೆ ಹೋಯಿತು. ಹಿಟ್ಟಿನ ಮೂಟೆಗಳು ನೆಂದು ಮುದ್ದೆಯಾದವು. ಅಲ್ಲಿಂದ ಹರಿದು ಅವನ ಹಿತ್ತಿಲ ಬಾವಿಗೆ ಇಳಿಯಿತು. ಇಡೀ ಓಣಿಗೆ ಸಿಹಿನೀರಿನ ಬಾವಿ ಅಂತ ಇದ್ದದ್ದು ಅದೊಂದೇ.

ನೀರು ಇಳಿದ ಮೇಲೆ ಬೇಕರಿಯವನು ಒಂದು ಕೊಡ ಸೇದಿ ಬಾಯಿಗೆ ಹಾಕಿಕೊಂಡು ಉಗಿದ. ಅವನ ಹೆಂಡತಿ ಸೇದಿದಳು, ಉಗಿದಳು. ಎಷ್ಟು ಸೇದಿ ಚೆಲ್ಲಿದರೂ ಉಪ್ಪು ಹೋಗಲಿಲ್ಲ. ಅವತ್ತಿನಿಂದ ಓಣಿಯ ಹೆಂಗಸರೆಲ್ಲ ಲಾಂಚುಕಟ್ಟೆಯ ನಲ್ಲಿಯಿಂದ ನೀರು ಹೊರಬೇಕಾಯಿತು. ಟೈಲರಮ್ಮನೂ ಹೊತ್ತಳು. ಸಾಲಿನಲ್ಲಿ ನಿಂತವರು ಯಾರು ಮಾಡಿರಬಹುದು ಅಂತ ಮಾತಾಡುತ್ತಿದ್ದರೆ ಅವಳು ಕೊಡದ ಬಾಯಿಯನ್ನೇ ನೋಡುತ್ತಿದ್ದಳು.

ಯಾರು ಮಾಡಿರಬಹುದು ಅನ್ನುವುದಕ್ಕೆ ಓಣಿಗೆ ಉತ್ತರ ಸಿಗಲು ಬಹಳ ದಿನ ಹಿಡಿಯಲಿಲ್ಲ. ದಂಡೆಯಲ್ಲಿ ಪ್ರವಾಸಿಗರಿಗೆ ಕೊಡೆ, ಕುರ್ಚಿ ಬಾಡಿಗೆ ಕೊಡುವ ಮುದುಕನೊಬ್ಬನಿದ್ದ. ಮಕ್ಕಳೆಲ್ಲ ಕೊಡೆ ಮಾಮ ಅನ್ನುತ್ತಿದ್ದರು. ಕುರ್ಚಿ ಹೊತ್ತು ಸುತ್ತಿ ಬರುವುದು ಕಷ್ಟ, ಸಂದಿಯಿಂದ ದಾರಿ ಬಿಟ್ಟರೆ ಒಳ್ಳೆಯದು ಅಂತ ಅವನು ಹಿಂದೆ ಯಾವಾಗಲೋ ಅಂದಿದ್ದ. ಅಷ್ಟು ಸಾಕಾಯಿತು. ಕಚೇರಿಯವರು ವಿಚಾರಿಸಲು ಬಂದ ದಿನ ಓಣಿಯ ಜನ ಬಾವಿಕಟ್ಟೆಯ ಸುತ್ತ ಸೇರಿದರು. ಕೊಡೆ ಮಾಮ ನಡುವೆ ನಿಂತಿದ್ದ.

"ನಾನಲ್ಲ ಸ್ವಾಮಿ. ಬಾಯಲ್ಲಿ ಅಂದಿದ್ದು ನಿಜ. ಕೈಯಲ್ಲಿ ಮಾಡಿಲ್ಲ."

"ಇವನಿಗೆ ಇನ್ನು ದಂಡೆಯಲ್ಲಿ ಜಾಗ ಕೊಡಬೇಡಿ," ಅಂದ ಬೇಕರಿಯವನು. "ನನ್ನ ಹಿಟ್ಟು ಹೋಯ್ತು, ಓಣಿ ನೀರು ಹೋಯ್ತು."

ಅಧಿಕಾರಿ ಅಜ್ಜಿಯ ಕಡೆ ನೋಡಿದ. "ನೀವು ಹೇಳಿ ಅಜ್ಜಿ. ಇವನು ಹತ್ತಿದ್ದನ್ನ ನೋಡಿದೀರಾ?"

"ನೋಡದೇ ಏನು? ಕಣ್ಣಾರೆ ನೋಡಿದೀನಿ. ಕತ್ತಿ ಹಿಡ್ಕೊಂಡು ಹತ್ತಿದ, ಬಳ್ಳಿ ಕಡಿದ." ಅಜ್ಜಿ ಅದನ್ನು ಎಷ್ಟು ಖಚಿತವಾಗಿ ಹೇಳಿದಳೆಂದರೆ, ಕುರ್ಚಿಯಲ್ಲಿ ಕೂತು ಕೂತು ಅವಳ ಕಣ್ಣ ಮುಂದೆ ಅದು ನಿಜಕ್ಕೂ ನಡೆದಿರಬೇಕು.

ಕೊಡೆ ಮಾಮ ಹೆಗಲ ಮೇಲಿದ್ದ ಟವೆಲು ತೆಗೆದು ಮುಖ ಒರೆಸಿಕೊಂಡ.

"ಅತ್ತೆ," ಅಂದಳು ಟೈಲರಮ್ಮ. ಮತ್ತೆ ಜೋರಾಗಿ ಅಂದಳು. "ಅತ್ತೆ, ನೀವು ಆವತ್ತು ಊರಲ್ಲೇ ಇರಲಿಲ್ಲ."

"ಯಾವತ್ತು?"

"ಬಳ್ಳಿ ಕಡಿದಾಗ. ನೀವು ಕಣ್ಣಿಗೆ ಕಟ್ಟು ಕಟ್ಟಿಸಿಕೊಂಡು ಚಿಕ್ಕತ್ತೆ ಮನೇಲಿದ್ರಿ."

"ನಿನಗೆ ಹೇಗೆ ಗೊತ್ತು ಆವತ್ತೇ ಅಂತ?"

"ಕತ್ತರಿಸಿದ್ದು ನಾನೇ. ಕತ್ತಿ ಅಲ್ಲ, ಬಟ್ಟೆ ಕತ್ತರಿ."

ಗಂಡ ಜನರ ಹಿಂದೆ ನಿಂತಿದ್ದ. ಅವನ ಬಾಯಿಂದ ನೋಡೋಣ ಕೂಡ ಬರಲಿಲ್ಲ. ಬೇಕರಿಯವನು ಮುಂದೆ ಬಂದು ಏನೋ ಅನ್ನಲು ಹೋದ. ಅವನ ಹೆಂಡತಿ ಅವನ ರಟ್ಟೆ ಹಿಡಿದಳು.

"ಯಾಕೆ?" ಅಂದಳು ಬೇಕರಿ ಅಕ್ಕ.

"ಬೆಳಕು ಬೇಕಿತ್ತು."

"ಬೆಳಕು ಬೇಕಿತ್ತಾ?" ಬೇಕರಿ ಅಕ್ಕನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಒಂದು ಮಾತು ನನ್ನ ಹತ್ರ ಹೇಳಿದ್ರೆ ನಮ್ಮ ಜಗಲೀಲಿ ಯಂತ್ರ ಹಾಕಿಕೊಡ್ತಿರಲಿಲ್ವಾ ಹುಚ್ಚಿ?"

ಆ ಮಾತು ಟೈಲರಮ್ಮನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಅಲ್ಲಿಯತನಕ ತಡೆದುಕೊಂಡಿದ್ದ ಕಣ್ಣೀರು ಆಗ ಬಂತು.

ಅಧಿಕಾರಿ ಗಂಟಲು ಸರಿಮಾಡಿಕೊಂಡು ಕಾಯಿದೆ ಅಂತೇನೋ ಶುರುಮಾಡಿದ. ಬೇಕರಿ ಅಕ್ಕ ಅವನನ್ನು ಅರ್ಧಕ್ಕೇ ತಡೆದಳು. "ನಿಮ್ಮ ದಂಡ ತಗೊಂಡು ನಾವು ಕುಡೀತೀವಾ ಸಾರ್? ಕಿತ್ತೋಳು ನೆಡಲಿ. ದಿಬ್ಬ ಮೊದಲಿನ ಹಾಗೆ ನಿಲ್ಲೋ ತನಕ ನೆಡಲಿ, ನೀರು ಹೊತ್ತು ಹೊಯ್ಯಲಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಲಿ." ಓಣಿ ತಲೆಯಾಡಿಸಿತು. ಅಧಿಕಾರಿಯೂ ಇದೇ ಒಳ್ಳೆಯದೆಂದು ಒಪ್ಪಿ, ಲಾಂಚು ತಪ್ಪುವ ಮುಂಚೆ ಹೊರಟ.

ಮೊದಲಿನ ಹಾಗೆ ಅಂದರೆ ಏನು ಅಂತ ಟೈಲರಮ್ಮನಿಗೆ ಅಲ್ಲೇ ಹೊಳೆಯಿತು. ತನ್ನ ಕಿಟಕಿಯನ್ನು ತಾನೇ, ಒಂದೊಂದು ಗೆಣ್ಣು ನೆಟ್ಟು, ಮುಚ್ಚಬೇಕು.

ಅಜ್ಜಿ ಯಾರ ಜೊತೆಗೂ ಮಾತಾಡದೆ ಮನೆಗೆ ಹೋದಳು. ಅವತ್ತು ಊಟಕ್ಕೆ ಕರೆದರೆ ಗೋಡೆಯ ಕಡೆ ತಿರುಗಿ ಮಲಗಿಕೊಂಡಳು. ಮಾರನೆಯ ದಿನ ಅವಳೇ ಕೊಡೆ ಮಾಮನ ಗುಡಿಸಲಿಗೆ ಹೋಗಿ ಬಂದಳಂತೆ. ಏನು ಹೇಳಿದಳೋ ಗೊತ್ತಿಲ್ಲ. ಸೊಸೆಯ ಜೊತೆ ಮಾತ್ರ ಮಾತು ಬಿಟ್ಟಳು. "ಗುಬ್ಬೀ, ನಿಮ್ಮಮ್ಮನಿಗೆ ಹೇಳು, ಬೇಳೆಗೆ ಉಪ್ಪು ಜಾಸ್ತಿ ಆಗಿದೆ." ಪಕ್ಕದಲ್ಲೇ ಕೂತ ಅಮ್ಮನಿಗೆ ಗುಬ್ಬಿ ಹೇಳುತ್ತಿದ್ದಳು, "ಅಮ್ಮ, ಬೇಳೆಗೆ ಉಪ್ಪು ಜಾಸ್ತಿ ಆಗಿದೆಯಂತೆ. ನನಗೆ ಸಂಬಳ ಕೊಡಿ ಇಬ್ಬರೂ."

ವಸತಿಗೃಹದ ಮಾಲೀಕ ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟ. ಅವನಿಗೆ ಊರಿನ ಜಗಳ ಬೇಡವಂತೆ. ಬೆಳಗಾದರೆ ಟೈಲರಮ್ಮ ಲಾಂಚುಕಟ್ಟೆಯಿಂದ ಮನೆಗೆ ಒಂದಿಷ್ಟು ಕೊಡ, ದಿಬ್ಬಕ್ಕೆ ಒಂದಿಷ್ಟು ಬಕೆಟ್ಟು ಹೊರುತ್ತಿದ್ದಳು. ಭುಜದಲ್ಲಿ ಕಪ್ಪು ಗೆರೆ ಬಿತ್ತು. ಮೊದಲ ಸಲ ನೆಟ್ಟ ಬಳ್ಳಿ ಒಂದೂ ಉಳಿಯಲಿಲ್ಲ.

ಒಂದು ಸಂಜೆ ಗಂಡ ಚಪ್ಪಲಿ ಬಿಡುತ್ತಲೇ ಅಂದ. "ಸೈಕಲ್ ಅಂಗಡಿಯವನು ಸಿಕ್ಕಿದ್ದ. ಬೇರೆಯವರು ಕೇಳ್ತಿದಾರಂತೆ, ಆ ಕೋಣೆ. ಬೇಡ ಅಂತ ಹೇಳಿ ಬಂದೆ."

ಟೈಲರಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ನನ್ನ ಒಂದು ಮಾತು ಕೇಳದೇ?"

"ಕೇಳಿದ್ರೆ ಏನು ಹೇಳ್ತಿದ್ದೆ?"

ಜನ್ಮದಲ್ಲಿ ಒಂದು ಸಲ ಅವನು ನೋಡೋಣ ಅನ್ನದೆ ಉತ್ತರ ಕೊಟ್ಟಿದ್ದ, ಅದೂ ಇದಕ್ಕೆ. ಅವಳು ಅನ್ನ ಬಡಿಸಿದಳು.

ಎರಡನೇ ಸಲ ನೆಡಲು ಹೋದ ದಿನ ಹಿಂದಿನಿಂದ ಮರಳು ಸರಿಯುವ ಸದ್ದಾಯಿತು. ಅಜ್ಜಿ ಕೋಲೂರಿಕೊಂಡು ಹತ್ತಿ ಬರುತ್ತಿದ್ದಳು. ಬಂದವಳು ಗಾಳಿಗೆ ಹೇಳುವ ಹಾಗೆ, "ಗೆಣ್ಣು ಕೆಳಗೆ ಹೋಗಬೇಕು, ತುದಿ ಸಮುದ್ರದ ಕಡೆ ಇರಬೇಕು. ಹೀಗೆ ತಲೆಕೆಳಗೆ ನೆಟ್ರೆ ಯಾವ ಬಳ್ಳಿ ಬದುಕುತ್ತೆ?" ಅಂದಳು.

ಟೈಲರಮ್ಮ ಕಿತ್ತು ತಿರುಗಿಸಿ ನೆಟ್ಟಳು.

"ಇನ್ನೂ ಆಳ."

ಇನ್ನೂ ಆಳಕ್ಕೆ ನೆಟ್ಟಳು. ಅಜ್ಜಿ ಮೊಣಕಾಲು ಹಿಡಿದು, ನರಳಿ, ಕೊನೆಗೆ ಮರಳಿನ ಮೇಲೆ ಕೂತೇಬಿಟ್ಟಳು. ಇಬ್ಬರೂ ಸಾಲು ಹಿಡಿದು ನೆಡುತ್ತಾ ಹೋದರು. ಆ ಎತ್ತರದಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರು, ಎರಡೂ ಕಾಣುತ್ತಿದ್ದವು. ಹಿನ್ನೀರಿನಲ್ಲಿ ಲಾಂಚು ಆಚೆ ದಡಕ್ಕೆ ಹೊರಟಿತ್ತು. ಟೈಲರಮ್ಮ ಅದನ್ನೇ ನೋಡುತ್ತಾ ಕೇಳಿದಳು.

"ನಿಮಗೆ ಮೊದಲಿಂದಲೂ ಈ ಬಳ್ಳಿ ಅಂದ್ರೆ ಇಷ್ಟು ಪ್ರೀತೀನಾ ಅತ್ತೆ?"

"ಪ್ರೀತಿಯಾ? ನನ್ನ ತಲೆ." ಅಜ್ಜಿ ಕೈಗೆ ಹತ್ತಿದ ಮರಳು ಕೊಡವಿದಳು. "ಮುಂದಿನ ಸಾಲಿನ ಮನೆಗಳು ಹೋದವಲ್ಲ, ಆವಾಗ ನಾನು ಮೂಟೆ ಕಟ್ಟಿಕೊಂಡು ದೋಣಿಕಟ್ಟೆಗೆ ಹೋಗಿ ಕೂತಿದ್ದೆ. ನಿನ್ನ ಗಂಡ ಆಗ ಕಂಕುಳಲ್ಲಿದ್ದ. ಇನ್ನು ಈ ಊರಿನ ಸಹವಾಸ ಬೇಡ ಅಂತ. ನಿನ್ನ ಮಾವ ಬಂದ್ರು. ಬೈಲಿಲ್ಲ, ಹೊಡೀಲಿಲ್ಲ. ಮೂಟೆ ಎತ್ತಿ ಹೆಗಲ ಮೇಲೆ ಇಟ್ಕೊಂಡು ಮನೆ ಕಡೆ ನಡೆದ್ರು. ಇದ್ದ ಬಟ್ಟೆಬರೆ ಎಲ್ಲ ಅದರಲ್ಲೇ ಇತ್ತು. ಮೂಟೆ ಹಿಂದೆ ನಾನೂ ಬಂದೆ."

"ಆಮೇಲೆ?"

"ಆಮೇಲೇನು? ಇರಲೇಬೇಕು ಅಂತಾದ ಮೇಲೆ ಮಗೂಗೆ ಉಪ್ಪುನೀರು ಕುಡಿಸೋಕಾಗುತ್ತಾ? ನೆಟ್ಟೆ."

ಲಾಂಚು ಸಣ್ಣದಾಗುತ್ತಾ ಹೋಯಿತು. ಟೈಲರಮ್ಮ ಮತ್ತೊಂದು ಬಳ್ಳಿ ತೆಗೆದುಕೊಂಡಳು, ನೆಡಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದಳು.

"ಮತ್ತೆ ಯಾವತ್ತೂ ಹೋಗಬೇಕು ಅನ್ನಿಸಲಿಲ್ವಾ?"

ಅಜ್ಜಿ ಕೋಲಿನಿಂದ ಮರಳು ಸಮಮಾಡಿದಳು. "ಬಳ್ಳಿಗೆ ನೀರು ಹೊಯ್ಯೋವಾಗ ಅನ್ನಿಸ್ತಿರಲಿಲ್ಲ," ಅಂದಳು. "ಬೇರೆ ಹೊತ್ತಲ್ಲೆಲ್ಲ ಅನ್ನಿಸ್ತಿತ್ತು."

ಟೈಲರಮ್ಮ ಬಳ್ಳಿಯನ್ನು ಮರಳಿಗಿಳಿಸಿ, ಸುತ್ತ ಅದುಮಿ, ಬಕೆಟ್ಟು ಎತ್ತಿಕೊಂಡಳು. ಆ ಕೊನೆಯ ಸಾಲಿಗೆ ಇನ್ನೂ ನೀರು ಬಿದ್ದಿರಲಿಲ್ಲ.